ಒಂದೇ ಮಗ್ಗುಲಿನ ರಂಗೋಲಿ

ಉತ್ಸಾಹದಲ್ಲಿ ಕಂಡದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಇದನ್ನು ಉತ್ಸಾಹದಲ್ಲೇ ಬರೆಯುತ್ತಿದ್ದೇನೆ. ತಣ್ಣಗೆ ಬರೆದರೆ ಇನ್ನೂ ದೊಡ್ಡ ಸುಳ್ಳಾದೀತು.

ತೊಂಬತ್ತರ ದಶಕದ ಕೊನೆ. ಹಡಗಲಿಯಲ್ಲಿ ಅವ್ವನ ತಂಗಿ, ಚಿಗವ್ವನ ಮನೆಯಲ್ಲಿದ್ದು ಡಿಪ್ಲೊಮಾ ಓದುತ್ತಿದ್ದೆ. ಓಣಿಯ ಹೆಂಗಸರು ನಸುಕಿನಲ್ಲಿ ಮಲ್ಲಿಗೆ ಕಟ್ಟಿ, ಎಲ್ಲರದ್ದನ್ನೂ ಒಂದೇ ಬುಟ್ಟಿಗೆ ತುಂಬಿ, ಹರಪನಹಳ್ಳಿಯ ಮೊದಲ ಬಸ್ಸಿಗೆ ಕಳಿಸುತ್ತಿದ್ದರು. ಆ ಹೊತ್ತಿನಲ್ಲಿ ಕರೆಂಟು ಇರುತ್ತಿರಲಿಲ್ಲ. ಕಂದೀಲು ಮುಟ್ಟಿದ ಕೈಯಲ್ಲೇ ಹೂ ಮುಟ್ಟಬೇಕು. ಅಲ್ಲಿ ಹೂ ಕೊಳ್ಳುವ ಸಾವ್ಕಾರ ಹೇಳಿ ಕಳಿಸಿದ: "ಇನ್ನೊಮ್ಮೆ ಚಿಮಣಿ ಎಣ್ಣಿ ವಾಸನಿ ಬಂದ್ರ ನಿಮ್ಮ ಬುಟ್ಟಿ ನನಗ ಬ್ಯಾಡ."

ಗುಜರಿಯಿಂದ ಓಣಿಗೆಲ್ಲ ಸಾಲುವಷ್ಟು ಸೋಲಾರ್ ಪ್ಲೇಟುಗಳನ್ನೂ ಟ್ರ್ಯಾಕ್ಟರಿನ ಹಳೆ ಬ್ಯಾಟರಿಗಳನ್ನೂ ಒಂದು ಪೊಟ್ಟಣ ಡಯೋಡುಗಳನ್ನೂ ಹೊತ್ತು ತಂದೆ. ಪ್ಲೇಟಿಗೂ ಬ್ಯಾಟರಿಗೂ ನಡುವೆ ಒಂದು ಡಯೋಡು: ಹಗಲು ಬ್ಯಾಟರಿಗೆ ಕರೆಂಟು ಬಿಡುತ್ತದೆ, ರಾತ್ರಿ ವಾಪಸ್ ಸೋರಲು ಬಿಡುವುದಿಲ್ಲ. ಈ ಜೋಡಣೆಯ ನಕ್ಷೆ ನನ್ನದಲ್ಲ. ರೇಡಿಯೊ ರಿಪೇರಿಯವನು ಕೊಟ್ಟದ್ದು, ಅವನಿಗೆ ಮತ್ತಾರೋ ಕೊಟ್ಟದ್ದು. "ಯಾರ್ ಕೇಳಿದ್ರೂ ಕೊಡು" ಅಂದಿದ್ದ.

ಚಿಗವ್ವನ ಬಲ್ಬು ಹತ್ತಿತು! ಅವಳು ಆ ನಕ್ಷೆಯನ್ನೇ ಅಂಗಳದಲ್ಲಿ ರಂಗೋಲಿ ಹಾಕಿ ಓಣಿಗೆಲ್ಲ ತೋರಿಸಿದಳು. ನಾನು ಪರೀಕ್ಷೆ ಬರೆದು ಬರುವಷ್ಟರಲ್ಲಿ ಮನೆಮನೆಯಲ್ಲಿ ಹೆಂಗಸರೇ ತಂತಿ ಜೋಡಿಸಿದ್ದರು.

ಮರುದಿನ ನಸುಕಿಗೆ ಚಿಗವ್ವನದೊಂದು ಬಿಟ್ಟು ಉಳಿದೆಲ್ಲ ಬಲ್ಬುಗಳು ಮಿಣುಕಿ ಸತ್ತವು. ಎಲ್ಲರೂ ಅವಳ ಪಡಸಾಲೆಗೆ ಬಂದು ಒತ್ತಿ ಕೂತು ಕಟ್ಟಿದರು. ಬಸ್ಸಿಗೆ ಹೋದದ್ದು ಅರ್ಧ ಬುಟ್ಟಿ.

ಬೆಳಕು ಹರಿದ ಮೇಲೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಎಂಥ ಚೆಂದದ ರಂಗೋಲಿ! ಎಡಕ್ಕೆ ಪ್ಲೇಟಿನಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲೊಂದು ಡಯೋಡು, ಬಲಕ್ಕೆ ಹೊಸದಾಗಿ ಎಳೆದ ಎರಡನೆಯ ದಾರಿಯಲ್ಲಿ ಅದಕ್ಕೆ ಎದುರು ಮುಖ ಮಾಡಿ ಇನ್ನೊಂದು.

"ಅಕ್ಕಾರ, ಇದೇನ್ರಿ?"

"ರಂಗೋಲಿ ಅಂದ ಮ್ಯಾಲ ಎರಡೂ ಕಡಿ ಒಂದಾ ಥರ ಇರಬೇಕಲ್ಲೋ ತಮ್ಮ. ನಿಮ್ಮ ಚಿಗವ್ವ ಅವಸರದಾಗ ಅರ್ಧಕ್ಕ ಬಿಟ್ಟಿದ್ಲು. ನಾ ಸರಿ ಮಾಡೇನಿ."

ಓಣಿಯೆಲ್ಲ ಅವಳದನ್ನೇ ನಕಲು ಮಾಡಿತ್ತು. ಹಗಲು ತುಂಬಿದ್ದು ರಾತ್ರಿ ಆ ಎರಡನೆಯ ದಾರಿಯಿಂದ ಸೋರಿಹೋಗಿತ್ತು. ನಾನು ನಕ್ಕೆ. ಬೇರಾರೂ ನಗಲಿಲ್ಲ.

"ಬಲಗಡೀದು ಕಿತ್ತು ಒಗಿ" ಎಂದಳು ನನ್ನ ಹಿಂದೆಯೇ ಬಂದಿದ್ದ ಚಿಗವ್ವ.

"ಅರ್ಧ ರಂಗೋಲಿ ಬಾಗಲ ಮುಂದ? ನೋಡಿದವ್ರು ಏನಂದಾರು!"

"ಸಾವ್ಕಾರ ಹೂವಾ ಬ್ಯಾಡಂದ ಮ್ಯಾಲ ನಿನ್ನ ರಂಗೋಲಿ ಇಟ್ಕೊಂಡು ಏನ್ ಮಾಡ್ತಿ? ಅಳಸ!"

ಮನೆಮನೆಯಲ್ಲೂ ಬಲಗಡೆಯದನ್ನು ಕಿತ್ತರು. ಮರುದಿನ ಬಿಸಿಲೆಲ್ಲ ಕುಡಿದು, ಅದರ ಮರು ನಸುಕಿಗೆ ಇಡೀ ಓಣಿ ಒಮ್ಮೆಲೇ ಹತ್ತಿಕೊಂಡಿತು. ಹಾಗಂತ ನನ್ನ ನೆನಪು. ಸಾಧ್ಯವೇ ಇಲ್ಲ. ಸ್ವಿಚ್ಚು ಅವರವರ ಮನೆಯಲ್ಲಿತ್ತು, ಒಂದು ಬ್ಯಾಟರಿಯಂತೂ ಮೊದಲೇ ಸತ್ತಿತ್ತು. ಬುಟ್ಟಿ ಹೊತ್ತು ಬಸ್ಸಿನ ಹಿಂದೆ ಓಡಿದೆ ಎಂದೂ ಹೇಳಿಕೊಂಡು ಬಂದಿದ್ದೇನೆ. ಓಡಿರಲಾರೆ, ಬಸ್ಸು ನಿಂತೇ ಇತ್ತು. ಬುಟ್ಟಿ ತುಂಬಿತ್ತು ಎನ್ನುವುದು ಮಾತ್ರ ಖಾತ್ರಿ.

ಮಧ್ಯಾಹ್ನ ಕಂಡಕ್ಟರ್ ಖಾಲಿ ಬುಟ್ಟಿ ಇಳಿಸಿ ಕೂಗಿದ: "ಸಾವ್ಕಾರಗ ನಾಳಿಂದ ಎರಡು ಬುಟ್ಟಿ ಬೇಕಂತ ನೋಡ್ರಿ!"

"ಎರಡಕ್ಕ ಈ ಓಣಿ ಸಾಲಂಗಿಲ್ಲ" ಎಂದ ಚಿಗವ್ವ ರಂಗೋಲಿ ಡಬ್ಬಿ ಹಿಡಿದು ಆಗಲೇ ಹಿಂದಿನ ಓಣಿಯತ್ತ ಹೊರಟಿದ್ದಳು.