ಸಿಡಿಲಿಗೆ ಕಾಯುವ ಗಿರಾಕಿ

ಹಿಂಜವಾಡಿಯ ನಮ್ಮ ಖಾನಾವಳಿಗೆ ದಿನಾ ಮಧ್ಯಾಹ್ನ ಬರುವ ಅಭಿಲಾಷ ಸಾಹೇಬರು ತಾಟಿನ ಮುಂದೆ ಕೂತರೂ ಕಣ್ಣು ಮಾತ್ರ ಮೊಬೈಲಿನಲ್ಲೇ ಇರುತ್ತದೆ. ಅದರಲ್ಲಿ ಚೌಕ ತುಂಡುಗಳನ್ನು ಜೋಡಿಸಿ ಮನೆ ಕಟ್ಟುವ ಆಟವಿದೆ, ಆ ಮನೆಯ ಗೋಡೆಗೆ ಅವರಿಗೊಂದು ಭೂತದ ತಲೆ ಬೇಕು. ಕತ್ತಿಯಿಂದ ಕೊಂದರೆ ತಲೆ ಸಿಗದು. ಹಸಿರು ಭೂತವೊಂದಕ್ಕೆ ಸಿಡಿಲು ಬಡಿಯಬೇಕು, ಆಮೇಲೆ ಅದು ಸಿಡಿದು ಪಕ್ಕದ ಭೂತ ಸಾಯಬೇಕು, ಆಗಷ್ಟೇ ಸತ್ತದ್ದರ ತಲೆ ಕೆಳಗೆ ಬೀಳುತ್ತದೆ. ಹೊರಗೆ ನಾಲ್ಕು ಹನಿ ಬಿದ್ದರೆ ಬೂಟು ನೆನೆಯಿತೆಂದು ಗೊಣಗುವ ಈ ಮನುಷ್ಯ ಆಟದೊಳಗಿನ ಮಳೆಗೆ ಹರಕೆ ಹೊರುವುದೊಂದು ಬಾಕಿ. ಸಾಯಬೇಕಾದ ಭೂತಗಳನ್ನು ಬೇಲಿಯೊಳಗೆ ಕೂಡಿಹಾಕಿ ಎಮ್ಮೆಕರುವಿನಂತೆ ಜೋಪಾನ ಮಾಡುತ್ತಾರೆ. "ರೊಟ್ಟಿ ಆರಿ ಹಪ್ಪಳ ಆಗ್ಯಾವ್ರಿ ಸಾಹೇಬ್ರ, ಉಣ್ತೀರೋ, ತಾಟ ಎತ್ತಲೋ?" ಎಂದು ನಾನು ರೇಗಿದರೆ, "ಒಂದೇ ನಿಮಿಷ ಅಣ್ಣ, ಮೋಡ ಆಗಿದೆ" ಎನ್ನುತ್ತಾರೆ. ಆ ಮೋಡ ಮೂರು ತಿಂಗಳಿಂದ ಆಗುತ್ತಲೇ ಇದೆ. ಒಮ್ಮೆ ಸಿಟ್ಟು ತಡೆಯದೆ, "ಆ ತಲಿ ಯಾರ್ ನೋಡ್ತಾರ್ರಿ?" ಎಂದುಬಿಟ್ಟೆ. "ಅಪೂರ್ವ ನೋಡ್ತಾಳೆ" ಎಂದರು. ಅಪೂರ್ವ ಅವರ ಹೆಂಡತಿ, ಮುನಿಸಿಕೊಂಡು ಮೈಸೂರಿಗೆ ಹೋಗಿದ್ದಾರಂತೆ, ಫೋನು ಎತ್ತುವುದಿಲ್ಲವಂತೆ. ಆಟದ ಮನೆ ಮಾತ್ರ ಇಬ್ಬರೂ ಸೇರಿ ಕಟ್ಟಿದ್ದು, ಗೋಡೆಗೆ ಆ ತಲೆ ಬೇಕೆಂದು ಮೊದಲು ಆಸೆಪಟ್ಟವರು ಹೆಂಡತಿಯೇ. ಇವರು ಆಟದಲ್ಲಿಲ್ಲದ ಹೊತ್ತು ನೋಡಿ, ಮೈಸೂರಿನಿಂದಲೇ ತಮ್ಮ ಮೊಬೈಲಿನಲ್ಲಿ ಆ ಮನೆಗೆ ಬಂದು ಹೋಗುತ್ತಾರಂತೆ. "ಬಂದದ್ದು ನಿಮಗ ಹೆಂಗ ತಿಳೀತದ?" ಎಂದೆ. "ಬಾಗಿಲು ಬೇಕಂತ್ಲೇ ತೆಗೆದಿಟ್ಟು ಬರ್ತೀನಿ ಅಣ್ಣ. ಮಾರನೇ ದಿನ ನೋಡಿದ್ರೆ, ಭೂತ ಒಳಗೆ ನುಗ್ಗದ ಹಾಗೆ ಮುಚ್ಚಿರ್ತಾಳೆ."