ಸೈಕಲ್ ಅಂಗಡಿ ಎತ್ತಿಸಿದ ವರದಿ

ನಮ್ಮ ಕಚೇರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದವಳು ನಾನೊಬ್ಬಳೇ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗುಮಾಸ್ತರು ಒಬ್ಬೊಬ್ಬರಾಗಿ ಸ್ಕೂಟರು, ಮೊಪೆಡ್ಡು ಕೊಂಡಿದ್ದರು. ನಾನು ಊರಿನ ರಸ್ತೆ, ಚರಂಡಿ ನೋಡಿಕೊಳ್ಳುವ ಕಿರಿಯ ಇಂಜಿನಿಯರ್. ಊರಿನ ಹೆಸರು ಬರೆಯುವುದಿಲ್ಲ. ಆಗಿನ ಅಧಿಕಾರಿ ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಆಲ್ದೂರು, ಬಾಳೂರು, ಕಳಸದ ಕಡೆಯ ಬಸ್ಸುಗಳು ಬಂದು ನಿಲ್ಲುವ ಊರು ಎಂದರೆ ಸಾಕು.

ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ನಡೆದು ಹೋಗುವವರಿಗೂ ಸೈಕಲ್ಲಿನವರಿಗೂ ಅನುಕೂಲ ಮಾಡಲು ಪ್ರತಿ ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಬೇಕು, ಅವರು ಕೊಡುವ ವರದಿಯ ಮೇಲೆ ಕಾಮಗಾರಿ ಮಂಜೂರಾಗುತ್ತದೆ ಎಂದು ಅದರಲ್ಲಿತ್ತು. ಅಧಿಕಾರಿ ಅದನ್ನು ಸಭೆಯಲ್ಲಿ ಅರ್ಧ ಓದಿ ನನ್ನ ಕಡೆ ಸರಿಸಿದರು.

“ನಮ್ಮಲ್ಲಿ ಸೈಕಲ್ ತುಳಿಯೋರು ನೀವೊಬ್ರೇ ಅಲ್ವಾ. ಇದು ನಿಮ್ದೇ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಜವಾನರು ನನಗೆ ‘ನಡಿಗೆ ಮೇಡಂ’ ಎಂದು ಹೆಸರಿಟ್ಟದ್ದೂ ಕಿವಿಗೆ ಬಿತ್ತು. ಆದರೆ ಆ ಹಾಳೆಯನ್ನು ಮನೆಗೆ ಒಯ್ದು ಎರಡು ಸಲ ಓದಿದ ಮೇಲೆ ನನಗೆ ನಗು ಬರಲಿಲ್ಲ. ರಸ್ತೆಯಲ್ಲಿ ನಡೆಯುವವರ ಬಗ್ಗೆ ಒಂದು ಸಾಲು ಬರೆಯಲು ಸರ್ಕಾರದವರು ಅಲ್ಲಿಯವರೆಗೆ ನನಗೆ ಹೇಳಿದ್ದೇ ಇಲ್ಲ.

ಬಸ್ ಸ್ಟ್ಯಾಂಡಿನಿಂದ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ರಸ್ತೆಯನ್ನೇ ಮೊದಲು ಹಿಡಿದೆ. ಎಸ್ಟೇಟುಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಆರಿಸುವ ಕಾರ್ಖಾನೆ ಅದು. ಆರಿಸುವ ಕೆಲಸದವರೆಲ್ಲ ಹೆಂಗಸರು. ಬೆಳಿಗ್ಗೆ ಬಸ್ಸಿಳಿದು ಬುತ್ತಿ ಚೀಲ ಹಿಡಿದು ಸಾಲುಸಾಲಾಗಿ ಆ ರಸ್ತೆಯಲ್ಲಿ ಹೋಗುವರು. ಅವರಿಗೆ ಕಾಲಿಡಲು ಇದ್ದದ್ದು ಟಾರಿನ ಅಂಚಿನ ಒಂದು ಮೊಳ ಮಣ್ಣು, ಅದರ ಪಕ್ಕ ಬಾಯಿಬಿಟ್ಟ ಚರಂಡಿ. ಮಳೆಗಾಲದಲ್ಲಿ ಆ ಮಣ್ಣೂ ಇರುತ್ತಿರಲಿಲ್ಲ. ಜೀಪುಗಳು ಹಾರಿಸಿದ ಕೆಸರು ನೀರು ಸೀರೆಯ ಸೊಂಟದವರೆಗೆ ಬರುತ್ತಿತ್ತು. ಹಾಗೆಯೇ ಹೋಗಿ ಸಂಜೆವರೆಗೆ ಕೂತು ಬೀಜ ಆರಿಸಬೇಕು.

ನಾನು ಅಳತೆ ಟೇಪು ಹಿಡಿದು ಓಡಾಡುವುದನ್ನು ಕಂಡು ಅವರಲ್ಲಿ ಹಿರಿಯಳೊಬ್ಬಳು ನಿಂತು ಕೇಳಿದಳು. ಗಟ್ಟಿ ದನಿಯ ಹೆಂಗಸು. ಮಿಕ್ಕವರು ಆಕೆಯನ್ನು ಅಕ್ಕ ಎನ್ನುತ್ತಿದ್ದರು.

“ಎಂಥ ಅಳೀತಿದೀರಿ?”

“ನೀವು ನಡೆಯೋಕೆ ಫುಟ್‌ಪಾತ್ ಮಾಡ್ಬೇಕು ಅಂತ.”

“ನಮ್ಗಾ?” ಎಂದು ಆಕೆ ಹಿಂದಿದ್ದವರ ಕಡೆ ತಿರುಗಿದಳು. “ಕೇಳಿದ್ರೇನ್ರೇ. ನಮ್ಗಂತೆ.”

ಅವರೂ ನಕ್ಕರು. ಕಚೇರಿಯ ನಗುವಿಗಿಂತ ಆ ನಗು ನನ್ನನ್ನು ಹೆಚ್ಚು ನೋಯಿಸಿತು.

ರಸ್ತೆಯ ನಡುಭಾಗದಲ್ಲಿ ಒಂದು ಸೈಕಲ್ ಅಂಗಡಿ ಇತ್ತು. ಅಂಗಡಿ ಎಂದರೆ ಚರಂಡಿಯ ಮೇಲೆ ನಾಲ್ಕು ಚಪ್ಪಡಿ ಹಾಸಿ, ಮೇಲೆ ತಗಡು ಹೊದಿಸಿದ ಶೆಡ್ಡು. ಇಟ್ಟುಕೊಂಡಿದ್ದವರು ಒಬ್ಬ ಸಾಬರು, ಐವತ್ತು ದಾಟಿದವರು. ಪಂಕ್ಚರ್ ಹಾಕುವುದು, ಗಾಳಿ ಹೊಡೆಯುವುದು, ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು ಅವರ ಕೆಲಸ. ನನ್ನ ಸೈಕಲ್ಲಿನ ಚೈನು ಕಳಚಿದಾಗಲೆಲ್ಲ ಅವರಲ್ಲೇ ಹೋಗುತ್ತಿದ್ದೆ. ಊರಿನಲ್ಲಿ ಸೈಕಲ್ ತುಳಿಯುವವರು ಯಾರು, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ತಿಳಿಯಬೇಕಿತ್ತು. ಕಚೇರಿಯಲ್ಲಿ ಅಂಥ ಒಂದು ಹಾಳೆಯೂ ಇರಲಿಲ್ಲ. ಸಾಬರಿಗೆ ಎಲ್ಲ ಬಾಯಿಪಾಠವಾಗಿತ್ತು.

“ಹಾಲಿನೋರು ಐದೂವರೆಗೆ ಬರ್ತಾರಮ್ಮ. ಪೋಸ್ಟಿನೋರು ಹತ್ತಕ್ಕೆ. ಬಡಗಿಗಳು ಇದಾರಲ್ಲ, ಅವ್ರದ್ದೆಲ್ಲ ಹಿಂದಿನ ಟಯರ್ ಬೇಗ ಸವೀತದೆ, ಮರ ಕಟ್ಕೊಂಡು ಹೋಗ್ತಾರಲ್ಲ. ಈ ಏರು ಇದ್ಯಲ್ಲ, ಇಲ್ಲಿ ಎಲ್ರೂ ಇಳ್ದು ತಳ್ತಾರೆ. ತಳ್ಳೋವಾಗ್ಲೇ ಬಸ್ಸಿನೋರು ಒತ್ಕೊಂಡು ಬರೋದು.”

ಮೂರು ಮಧ್ಯಾಹ್ನ ಅವರ ಮರದ ಪೆಟ್ಟಿಗೆಯ ಮೇಲೆ ಕೂತು, ಅವರು ಹೇಳಿದ್ದನ್ನೆಲ್ಲ ಊರಿನ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ನನ್ನ ವರದಿ ಚೆನ್ನಾಗಿತ್ತು ಎಂದು ಮೇಲಿನವರು ಆಮೇಲೆ ಹೊಗಳಿದರು. ಅದರಲ್ಲಿ ಅರ್ಧ ಸಾಬರದು.

ವರದಿಯ ಕೊನೆಗೆ, ದಾರಿಯಲ್ಲಿರುವ ಒತ್ತುವರಿಗಳನ್ನು ಅಳತೆ ಸಮೇತ ಬರೆಯಬೇಕಿತ್ತು. ದೊಡ್ಡದು ಒಂದಿತ್ತು. ಮೂಡಿಗೆರೆ ಕಡೆಯ ಒಬ್ಬ ಪ್ಲಾಂಟರ್, ಕಾಫಿ ಎಸ್ಟೇಟಿನ ಧಣಿ, ಅಲ್ಲಿ ಹೊಸದಾಗಿ ಮೂರಂತಸ್ತಿನ ಅಂಗಡಿ ಕಟ್ಟಡ ಎಬ್ಬಿಸಿದ್ದರು. ಕಾರುಗಳು ಹತ್ತಿ ನಿಲ್ಲಲಿ ಎಂದು ಚರಂಡಿಯನ್ನು ಮುಚ್ಚಿ, ಟಾರು ರಸ್ತೆಯವರೆಗೂ ಕಾಂಕ್ರೀಟಿನ ಇಳಿಜಾರು ಹಾಕಿಸಿದ್ದರು. ಅದನ್ನು ಬರೆದೆ. ಸೈಕಲ್ ಅಂಗಡಿಯನ್ನೂ ಬರೆದೆ, ಮೂರು ಅಡಿ ಎಂದು. ಗುರುತಿನವರೆಂದು ಬಿಟ್ಟರೆ ಮಿಕ್ಕದ್ದನ್ನು ಬರೆಯುವ ಮುಖ ನನಗಿರುವುದಿಲ್ಲ ಎಂದುಕೊಂಡೆ. ಕೆಳಗೆ, ಈ ಅಂಗಡಿ ಸೈಕಲ್ಲಿನವರಿಗೆ ಅಗತ್ಯ, ಹೊಸ ಫುಟ್‌ಪಾತಿನ ಹಿಂದೆ ಜಾಗ ಕೊಡಬೇಕು ಎಂದೂ ಸೇರಿಸಿದೆ. ಹೀಗೆ ಬರೆದಿದ್ದೇನೆಂದು ಸಾಬರಿಗೆ ಮಾತ್ರ ಹೇಳಲಿಲ್ಲ. ಹೇಳುವಂಥದ್ದೇನೂ ಇಲ್ಲ ಎಂದೇ ನಂಬಿದ್ದೆ.

ಮಂಜೂರಾತಿ ಬರಲು ಎರಡು ಮಳೆಗಾಲ ಹಿಡಿಯಿತು. ಕೆಲಸ ಶುರುವಾಗುವ ದಿನ ಅಧಿಕಾರಿ ನನ್ನನ್ನು ಯಾವುದೋ ಕಾಗದ ತರಲು ಮೂಡಿಗೆರೆಗೆ ಕಳಿಸಿದರು. ಜವಾನ ತರಬಹುದಾದ ಕಾಗದ. ಸಂಜೆ ಬಸ್ಸಿಳಿದು ನಡೆದು ಬಂದರೆ ಶೆಡ್ಡು ಇದ್ದ ಜಾಗದಲ್ಲಿ ಬರೀ ಚರಂಡಿ. ತಗಡುಗಳನ್ನೂ ಬಾಡಿಗೆ ಸೈಕಲ್ಲುಗಳನ್ನೂ ಒಂದೇ ರಾಶಿಯಾಗಿ ಟ್ರ್ಯಾಕ್ಟರಿಗೆ ತುಂಬಿ ಒಯ್ದಿದ್ದರು. ಜೆಸಿಬಿಯ ಹಲ್ಲಿನ ಗುರುತು ಮಣ್ಣಿನಲ್ಲಿ ಹಾಗೇ ಇತ್ತು. ಅಲ್ಲಿಂದ ಐವತ್ತು ಹೆಜ್ಜೆ ಆಚೆ ಪ್ಲಾಂಟರರ ಕಾಂಕ್ರೀಟಿನ ಮೇಲೆ ಎರಡು ಕಾರು, ಒಂದು ಜೀಪು ನಿಂತಿದ್ದವು.

ಮಾರನೆಯ ಬೆಳಿಗ್ಗೆ ನೇರ ಅಧಿಕಾರಿಯ ಕೋಣೆಗೆ ಹೋದೆ.

“ಸರ್, ಸೈಕಲ್ ಅಂಗಡಿ ಯಾಕೆ ತೆಗೆಸಿದ್ರಿ?”

“ನಿಮ್ಮ ವರದಿ ಪ್ರಕಾರಾನೇ ತೆಗೆಸಿದ್ದು.” ಅವರು ಕಡತ ಬಿಡಿಸಿ ನನ್ನ ಸಹಿಯಿದ್ದ ಹಾಳೆಯನ್ನು ನನಗೇ ತೋರಿಸಿದರು.

“ಅದೇ ಹಾಳೇಲಿ ಆ ಬಿಲ್ಡಿಂಗಿನ ಕಾಂಕ್ರೀಟೂ ಇದೆ. ಅಂಗಡಿಗೆ ಬೇರೆ ಜಾಗ ಕೊಡಿ ಅಂತಾನೂ ಇದೆ.”

“ಬಿಲ್ಡಿಂಗಿನೋರಿಗೆ ನೋಟಿಸ್ ಹೋಗಿದೆ. ಉತ್ತರ ಬರ್ಲಿ.”

“ಸಾಬ್ರಿಗೆ ನೋಟಿಸ್ ಕೊಟ್ಟಿದ್ರಾ?”

“ಶೆಡ್ಡಿಗೆ ಎಂಥ ನೋಟಿಸ್ ಮಾರಾಯ್ತಿ. ನೀವೇ ಬರೀತೀರಿ, ತೆಗೆಸಿದ್ರೆ ನೀವೇ ಜಗಳಕ್ಕೆ ಬರ್ತೀರಿ.”

ಮೂಡಿಗೆರೆಗೆ ಕಳಿಸಿದ್ದು ಯಾಕೆಂದು ಆಗ ತಿಳಿಯಿತು. ಏನಾದರೂ ಕೂಗಿಬಿಟ್ಟರೆ ಹೆಂಗಸು ಕೂಗಾಡಿದಳು ಎಂದಷ್ಟೇ ಉಳಿಯುತ್ತದೆ ಎಂದು ತುಟಿ ಕಚ್ಚಿ ಹೊರಗೆ ಬಂದೆ.

ಸಾಬರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಕುರ್ಚಿ ಕೊಟ್ಟು ಒಳಗೆ ಹೋದವರು ಹೊರಗೆ ಬರಲಿಲ್ಲ. ಸಾಬರು ಗಾಳಿ ಪಂಪೊಂದನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದರು. ಅವರ ಕೈಗೆ ಸಿಕ್ಕಿದ್ದು ಅದೊಂದೇ. ವರದಿಯಲ್ಲಿ ಏನೇನು ಬರೆದಿದ್ದೆ ಎಂಬುದನ್ನು ನಾನು ಮೊದಲಿಂದ ಹೇಳಿದೆ. ಜಾಗ ಕೊಡಿ ಎಂದು ಬರೆದದ್ದನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವು ಒಳ್ಳೇದಕ್ಕೇ ಬರ್ದಿರ್ತೀರಮ್ಮ. ಬರಿಯೋಕೆ ಮುಂಚೆ ನಂಗೆ ಒಂದ್ಮಾತು ಹೇಳ್ಬೇಕಿತ್ತು. ನಾನೇ ಶೆಡ್ಡು ಹಿಂದಕ್ಕೆ ಎಳ್ಕೊಳ್ತಿದ್ದೆ.”

ಕಚೇರಿಯ ಮೇಲಿದ್ದ ಸಿಟ್ಟು ಅಲ್ಲಿ ನನ್ನ ಮೇಲೆಯೇ ತಿರುಗಿತು.

ಫುಟ್‌ಪಾತು ಎದ್ದಿತು. ಒಳ್ಳೆಯ ಕೆಲಸ, ಅದನ್ನು ಹೇಳಲೇಬೇಕು. ಗುತ್ತಿಗೆದಾರ ಚಪ್ಪಡಿಗಳನ್ನು ಮಟ್ಟವಾಗಿ ಕೂರಿಸಿದ್ದ. ಆದರೆ ಪ್ಲಾಂಟರರ ಕಟ್ಟಡದ ಹತ್ತಿರ ಬಂದು ಗಕ್ಕನೆ ನಿಂತಿತು. ಕಾಂಕ್ರೀಟಿನ ಆಚೆ ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಅಲ್ಲಿ ನಿಂತು ನೋಡಿದೆ. ಹೆಂಗಸರು ಸಾಲಾಗಿ ಬಂದು, ಕಾರುಗಳ ಹತ್ತಿರ ರಸ್ತೆಗಿಳಿದು, ಸುತ್ತುಹಾಕಿ ಮತ್ತೆ ಹತ್ತುತ್ತಿದ್ದರು. ಅಕ್ಕ ನನ್ನನ್ನು ಕಂಡು ನಿಂತಳು.

“ಇಷ್ಟ್ ಚೆಂದ ಕಟ್ಟಿ ಇಲ್ಲಿ ಇಳಿಸಿಬಿಟ್ರಲ್ಲ. ಮೊದ್ಲು ಉದ್ದಕ್ಕೂ ರಸ್ತೇಲೇ ಬರ್ತಿದ್ವಿ, ಡ್ರೈವರಿಗೆ ದೂರದಿಂದ್ಲೇ ಕಾಣ್ತಿದ್ವಿ. ಈಗ ಕಾರಿನ ಮರೆಯಿಂದ ಇದ್ದಕ್ಕಿದ್ದಂಗೆ ಇಳೀಬೇಕು. ಜೀಪಿನೋನಿಗೆ ಹೆಂಗೆ ಗೊತ್ತಾಗ್ಬೇಕು?”

ಆಕೆ ಹೇಳಿದ್ದು ನಿಜ. ಮೊದಲಿಗಿಂತ ಅಪಾಯದ ಜಾಗವೊಂದನ್ನು ನಾವು ಹೊಸದಾಗಿ ಕಟ್ಟಿ ಕೊಟ್ಟಿದ್ದೆವು.

ಕಾಮಗಾರಿ ಮುಗಿದ ಮೇಲೆ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಸಹಿ ಬೀಳದೆ ಕಡತ ಮುಂದೆ ಹೋಗುವುದಿಲ್ಲ, ಗುತ್ತಿಗೆದಾರನಿಗೆ ಹಣವೂ ಸಿಗುವುದಿಲ್ಲ. ಸ್ಟ್ಯಾಂಡಿನಿಂದ ಕ್ಯೂರಿಂಗ್ ವರ್ಕ್ಸಿನವರೆಗೆ ಪೂರ್ಣ ಎಂದು ಬರೆಯಿರಿ ಎಂದರು ಅಧಿಕಾರಿ. ನಾನು ಅಳೆದದ್ದನ್ನೇ ಬರೆದೆ: ಇಲ್ಲಿಂದ ಇಲ್ಲಿಯವರೆಗೆ ಇದೆ, ಕಟ್ಟಡದ ಮುಂದೆ ಇಲ್ಲ, ಅದರ ಆಚೆ ಮತ್ತೆ ಇದೆ. ಕಾರಣ, ಒತ್ತುವರಿ ತೆರವು ಆಗಿಲ್ಲ.

“ಇದನ್ನ ಮೇಲಕ್ಕೆ ಕಳಿಸೋಕಾಗಲ್ಲ.”

“ಹಾಗಾದ್ರೆ ಕಾಂಕ್ರೀಟ್ ಒಡೆಸಿ ಸರ್. ನಾನೇ ಬಂದು ಅಳೆದು ಪೂರ್ಣ ಅಂತ ಬರೀತೀನಿ.”

ಗುತ್ತಿಗೆದಾರ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ಕೈಮುಗಿದ. ಅವನ ತಪ್ಪೇನೂ ಇರಲಿಲ್ಲ. ಅವನನ್ನು ಹಾಗೆ ಕಾಯಿಸುವುದು ನನಗೆ ಹಿತವಾಗಿರಲಿಲ್ಲ. ಒಂದು ದಿನ ಪ್ಲಾಂಟರರೇ ಬಂದರು. ಬಿಳಿ ಅಂಗಿಯ, ಮೆಲುದನಿಯ ಹಿರಿಯರು. ಕೂತು ನೀರು ಕೇಳಿ ಕುಡಿದರು.

“ನೋಡಿಯಮ್ಮ, ನೀವು ನಮ್ಮ ಮಗಳ ಸಮ. ಅಲ್ಲಿ ನಡೆಯೋರು ಯಾರು ಹೇಳಿ? ಎಲ್ಲ ಕೆಲಸದೋರು. ಅವ್ರು ಎಸ್ಟೇಟಲ್ಲಿ ಜಿಗಣೆ ಮಧ್ಯೆ ನಡೆಯೋರು. ನಾಲ್ಕು ಹೆಜ್ಜೆ ರಸ್ತೇಲಿ ನಡೆದ್ರೆ ಅವರಿಗೇನೂ ಆಗಲ್ಲ.”

ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರು ಅದನ್ನು ಪ್ರೀತಿಯಿಂದ, ನಾನೂ ಒಪ್ಪುವ ಮಾತು ಎಂಬಂತೆ ಹೇಳಿದರು.

“ಚರಂಡಿ ನಿಮ್ದಲ್ಲ ಅಲ್ವಾ ಸರ್,” ಎಂದೆ. ಬೇರೆ ಏನು ಹೇಳಿದ್ದರೂ ಅಳು ಬರುತ್ತಿತ್ತು.

ಅವರು ಎದ್ದು ಅಧಿಕಾರಿಯ ಕೋಣೆಗೆ ಹೋದರು. ನನ್ನನ್ನು ವರ್ಗ ಮಾಡಿಸುತ್ತಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಜವಾನರಲ್ಲಿ ಹಬ್ಬಿತು. ಆಗಲಿಲ್ಲ. ಏಳೆಂಟು ತಿಂಗಳು ಆ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಆಮೇಲೆ ಮೇಲಿನವರು ಕೆಲಸ ನೋಡಲು ಬರುತ್ತಾರೆಂದು ಪತ್ರ ಬಂತು. ಆ ವಾರವೇ, ಯಾರೂ ನನ್ನೊಡನೆ ಮಾತಾಡದೆ, ಕಾಂಕ್ರೀಟ್ ಒಡೆದು ಚಪ್ಪಡಿ ಹಾಸಿದರು. ಒಂದೇ ದಿನದ ಕೆಲಸ. ಅಷ್ಟಕ್ಕೆ ಅಷ್ಟು ತಿಂಗಳು ಆ ಹೆಂಗಸರು ಜೀಪಿಗೆ ಎದೆಕೊಟ್ಟು ನಡೆದಿದ್ದರು. ನಾನು ಹೋಗಿ ಅಳೆದು ಪೂರ್ಣ ಎಂದು ಬರೆದೆ. ಬಂದವರ ಮುಂದೆ ಅಧಿಕಾರಿ ಉದ್ಘಾಟನೆಯ ಟೇಪು ಕತ್ತರಿಸಿದರು.

ಸಾಬರಿಗೆ ಜಾಗ ಕೊಡಿಸಲು ನಾನು ಬರೆದ ಟಿಪ್ಪಣಿಗಳು ನಾಲ್ಕೋ ಐದೋ. ‘ಫುಟ್‌ಪಾತಿನಲ್ಲಿ ಅಂಗಡಿ ಇರಕೂಡದೆಂದು ತಮ್ಮದೇ ವರದಿ ಇದೆ’ ಎಂಬ ಉತ್ತರ ಪ್ರತಿ ಸಲವೂ ಬಂತು. ನಾನು ಫುಟ್‌ಪಾತಿನ ಹಿಂದೆ ಎಂದು ಬರೆದಿದ್ದೆ. ಅಷ್ಟು ಓದುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಟ್ರ್ಯಾಕ್ಟರಿನಲ್ಲಿ ಹೋದ ಸೈಕಲ್ಲುಗಳು ಕಚೇರಿಯ ಹಿತ್ತಲಲ್ಲಿ ಮಳೆಗೆ ತುಕ್ಕು ಹಿಡಿದವು. ಬಿಡಿಸಿಕೊಳ್ಳಲು ಸಾಬರು ಬರಲಿಲ್ಲ.

ವರ್ಷಕ್ಕೊಮ್ಮೆ ಮೇಲಿನವರಿಗೆ ಒಂದು ನಮೂನೆ ತುಂಬಿ ಕಳಿಸಬೇಕಿತ್ತು. ಸೈಕಲ್ ಬಳಸುವವರು ಹೆಚ್ಚಾದರೇ, ಕಡಿಮೆಯಾದರೇ, ಕಾರಣವೇನು ಎಂಬ ಪ್ರಶ್ನೆ ಅದರಲ್ಲಿತ್ತು. ಕಡಿಮೆಯಾಗಿದ್ದಾರೆ, ಆ ರಸ್ತೆಯಲ್ಲಿದ್ದ ಒಂದೇ ಸೈಕಲ್ ಅಂಗಡಿಯನ್ನು ನಮ್ಮ ಕಚೇರಿಯೇ ತೆಗೆಸಿದೆ ಎಂದು ಬರೆದೆ. ಅಧಿಕಾರಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮುಂದಿನ ವರ್ಷವೂ ಅದನ್ನೇ ಬರೆದೆ. ಮೂರನೆಯ ವರ್ಷ ಆ ಜವಾಬ್ದಾರಿಯನ್ನು ಬೇರೊಬ್ಬರಿಗೆ ಕೊಟ್ಟರು. ಅವರು ಕಾರಿನಲ್ಲಿ ಕಚೇರಿಗೆ ಬರುವವರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಲ್ದೂರಿಗೆ ಕೆಲಸದ ಮೇಲೆ ಹೋದಾಗ ಒಂದು ಬೈಕ್ ಗ್ಯಾರೇಜಿನ ಮುಂದೆ ಸಾಬರನ್ನು ಕಂಡೆ. ಸಂಬಂಧಿಕರ ಗ್ಯಾರೇಜು. ಅವರು ಅಲ್ಲಿ ಟಯರ್ ಬಿಚ್ಚುವ ಕೆಲಸಕ್ಕಿದ್ದರು. ನನ್ನನ್ನು ಗುರುತು ಹಿಡಿದು ಎದ್ದು ನಿಂತರು.

“ಆ ಹೆಂಗಸ್ರು ಈಗ ಫುಟ್‌ಪಾತಲ್ಲೇ ಹೋಗ್ತಾರಾಮ್ಮ?”

“ಹೋಗ್ತಾರೆ ಸಾಬ್ರೇ.”

“ಮತ್ತೆ ಒಳ್ಳೇದೇ ಆಯ್ತಲ್ಲ.”

ಅವರು ಅದನ್ನು ನನ್ನ ಸಮಾಧಾನಕ್ಕೆಂದೇ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಕ್ಷಮೆ ಕೇಳಬೇಕಾದ ಕಚೇರಿ ಕೇಳಿರಲಿಲ್ಲ, ಜಾಗ ಕೊಡಬೇಕಾದವರು ಕೊಟ್ಟಿರಲಿಲ್ಲ, ಎಲ್ಲ ಕಳಕೊಂಡವರು ಮಾತ್ರ ಒಳ್ಳೆಯದಾಯಿತು ಎನ್ನಬೇಕಾಗಿ ಬಂದಿತ್ತು. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಅವರು ಕೈ ಒರೆಸಿಕೊಂಡು ಟೀ ತರಿಸುತ್ತೇನೆಂದರು. ಬೇಡ ಎನ್ನಲು ಬಾಯಿ ಬರದೆ, ಬೆಂಚಿನ ಮೇಲೆ ಕೂತು ಕುಡಿದು ಬಂದೆ.