ನೀರೊಳಗೆ ಕೇಳಿದ ಮೂರನೇ ಸಾಲು

ಶಕುನ, ಅಶರೀರವಾಣಿ, ಕನಸಿನಲ್ಲಿ ಬಂದು ಹೇಳಿದರು ಅನ್ನುವ ಕಥೆಗಳನ್ನೆಲ್ಲ ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವಳು. ಯಾರಾದರೂ ಎದುರಿಗೇ ಹೇಳಿದರೆ, ಗ್ಯಾಸ್ ಆಗಿರಬೇಕು, ಜೀರಿಗೆ ಕಷಾಯ ಕುಡೀರಿ ಅಂತ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ನನಗೆ ಕಷಾಯ ಕುಡಿ ಅಂದರೆ ಬೇಜಾರಿಲ್ಲ.

ಅಜ್ಜಂಪುರದಿಂದ ಸ್ವಲ್ಪ ದೂರದಲ್ಲಿ ನಮ್ಮ ತೆಂಗಿನ ತೋಟ, ಅದರಲ್ಲೊಂದು ಮೆಟ್ಟಿಲಿರುವ ಬಾವಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈಜು ಕಲಿಸಿದವರು ನಮ್ಮ ಯಜಮಾನರು. ನಮ್ಮ ಕಡೆ ಈಜು ಕಲಿಯುವವರ ಸೊಂಟಕ್ಕೆ ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಕಟ್ಟಿ ನೀರಿಗೆ ಬಿಡುತ್ತಾರೆ. ಕಾಯಿ ತೇಲುತ್ತದೆ, ಕಾಯಿಯ ಜೊತೆ ನಾವೂ ತೇಲುತ್ತೇವೆ. ಅಷ್ಟಿದ್ದೂ ನಾನು ಮೆಟ್ಟಿಲು ಬಿಡುತ್ತಿರಲಿಲ್ಲ. ಆಗ ಅವರು ದಂಡೆಯ ಮೇಲೆ ಕೂತು ತಾವೇ ಕಟ್ಟಿದ ಹಾಡು ಶುರು ಮಾಡಿದರು:

“ಕಾಲ್ ಬಡಿಯೇ, ಹೆದರ್‌ಬ್ಯಾಡ್ವೇ,
ದಡ ಎಲ್ಲೂ ಓಡೋಗಲ್ಲ ಕಣೇ.”

ಎರಡೇ ಸಾಲು. ರಾಗವೂ ಅಷ್ಟಕ್ಕಷ್ಟೇ. ನಾನು ಈಜು ಕಲಿತ ಮೇಲೂ ಆ ಹಾಡು ನಿಲ್ಲಲಿಲ್ಲ. ನಾನು ಬಾವಿಗಿಳಿದಾಗಲೆಲ್ಲ ಅವರು ಮೇಲೆ ಕೂತು ಹಾಡುವುದು, ನಾನು ಸಾಕು ನಿಲ್ಸ್ರೀ ಅಂತ ಬೈಯುವುದು ನಡೆದೇ ಇತ್ತು.

ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದ ಆ ಮನುಷ್ಯನಿಗೆ ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಬಂತು, ಮಾತು ಬರಲಿಲ್ಲ. ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಅಂದರು ತರೀಕೆರೆಯ ಡಾಕ್ಟರು. ಮನೆಯಲ್ಲಿ ನಾನೊಬ್ಬಳೇ ಮಾತಾಡಿ ಮಾತಾಡಿ ಸೋತುಹೋದೆ. ಜಗಳಕ್ಕಾದರೂ ಎದುರುತ್ತರ ಬೇಡವೇ? ಅವರ ಒಂದು ಮಾತು ಕೇಳಿದರೆ ಸಾಕಾಗಿತ್ತು.

ಬಾವಿಯಲ್ಲಂತೂ ಆ ಮೌನ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ನೀರಿನಲ್ಲಿ ಹಾಡು ಕೇಳುವ ಹೆಡ್‌ಫೋನ್ ತರಿಸಿದೆ. ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು ಕೂರುವಂಥದ್ದು. ಅವತ್ತು ಬೆಳಿಗ್ಗೆ ಅವರನ್ನು ದಂಡೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಮೊಬೈಲಿನಲ್ಲಿ ಹಾಡು ಹಾಕಿಟ್ಟು ನೀರಿಗಿಳಿದೆ. ತಲೆ ಮೇಲಿದ್ದಾಗ ಹಾಡು, ಮುಳುಗಿದ ತಕ್ಷಣ ಬಂದ್. ಮಾರಿದವನಿಗೆ ಮನಸಾರೆ ಬೈದು ಮತ್ತೊಮ್ಮೆ ಮುಳುಗಿದೆ.

ಆಗ ಕೇಳಿಸಿತು. ಕಾಲ್ ಬಡಿಯೇ, ಹೆದರ್‌ಬ್ಯಾಡ್ವೇ. ಅವರದೇ ಧ್ವನಿ, ಅದೇ ಹಾಳು ರಾಗ. ಎರಡು ಸಾಲು ಮುಗಿಯಿತು. ಆಮೇಲೆ ನಾನು ಹುಟ್ಟಿದಾಗಿನಿಂದ ಕೇಳದ ಮೂರನೆಯ ಸಾಲೊಂದು ಬಂತು: “ನಾನೂ ಎಲ್ಲೂ ಹೋಗಲ್ಲ ಕಣೇ.”

ನೀರು ಕುಡಿದು ಮೇಲೆ ಬಂದೆ. ಮೊಬೈಲಿನಲ್ಲಿ ಯಾವುದೋ ಸಿನಿಮಾ ಹಾಡು ತನ್ನ ಪಾಡಿಗೆ ನಡೆದಿತ್ತು. ಅವರು ಬಾಯಿ ಮುಚ್ಚಿಕೊಂಡು ನೀರನ್ನೇ ನೋಡುತ್ತಾ ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಕಡೂರು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳತಿ ನಸ್ರೀನ್‌ಗೆ ಆ ಹೆಡ್‌ಫೋನ್ ಕೊಟ್ಟು, ಒಳಗೇನಿದೆ ನೋಡು ಅಂದೆ. ಬ್ಲೂಟೂತ್ ನೀರಿನೊಳಗೆ ಬರುವುದಿಲ್ಲವಂತೆ; ಹಾಡನ್ನು ಹೆಡ್‌ಫೋನಿಗೇ ತುಂಬಿಕೊಳ್ಳಬೇಕಂತೆ. ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು. “ಖಾಲಿ ಐತೆ ಕಣಕ್ಕಾ, ಒಂದು ಹಾಡೂ ಇಲ್ಲ,” ಅಂದಳು. ನಾನು ಕೇಳಿದ್ದನ್ನು ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಹುಚ್ಚು ಅಂದಾರೆಂಬ ಭಯ. ಆದರೆ ಅವತ್ತಿನಿಂದ ರಾತ್ರಿ ನಿದ್ದೆ ಬರತೊಡಗಿತು.

ಮುಂದಿನ ಬೇಸಿಗೆಯಲ್ಲಿ ಡಾಕ್ಟರನ್ನು ಕೇಳಿಕೊಂಡು ಯಜಮಾನರನ್ನೇ ನೀರಿಗಿಳಿಸಿದೆ. ಕೆಳಗಿನ ಮೆಟ್ಟಿಲ ಮೇಲೆ ಸೊಂಟದಷ್ಟು ನೀರು, ಅವರ ಸೊಂಟಕ್ಕೆ ಎರಡು ಒಣ ಕಾಯಿ. ಊರಿಗೆಲ್ಲ ಈಜು ಕಲಿಸಿದವರು ನನ್ನ ತೋಳು ಬಿಡಲೊಲ್ಲರು. ನನಗೆ ನಗು ಬಂತು. ಅವರ ಹಾಡನ್ನೇ ಅವರಿಗೆ ತಿರುಗಿಸಿದೆ. ಎರಡು ಸಾಲು ಹಾಡಿ ನಿಲ್ಲಿಸಿದೆ, ಬೇಕೆಂದೇ.

ಅವರು ಕಾಲು ಬಡಿಯುತ್ತಾ, ತೊದಲುತ್ತಾ, ಆದರೆ ರಾಗವಾಗಿಯೇ ಹಾಡಿದರು: “ನಾನೂ... ಎಲ್ಲೂ... ಹೋಗಲ್ಲ ಕಣೇ.”

ಮಾತು ಮರೆತವರಿಗೆ ಹಾಡು ಮೊದಲು ಬರುವುದುಂಟು ಅಂತ ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ಆದರೆ ಆ ಸಾಲು ಅಷ್ಟು ತಿಂಗಳು ಮೊದಲೇ ನನಗೆ ಎಲ್ಲಿಂದ ಕೇಳಿಸಿತು? ಈಗ ಅವರಿಗೆ ಅರ್ಧಂಬರ್ಧ ಮಾತು ಬರುತ್ತದೆ, ಜಗಳಕ್ಕೆ ಸಾಕಾಗುವಷ್ಟು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಆ ಮೂರನೇ ಸಾಲು ಯಾವಾಗ ಕಟ್ಟಿದಿರಿ ಅಂತ. ಇದೇನು ಪ್ರಶ್ನೆ ಅನ್ನುವ ಹಾಗೆ ನನ್ನ ಮುಖ ನೋಡಿದರು.

“ಅವತ್ತೇ... ಹೇಳಿದ್ನಲ್ಲೇ. ನೀನು... ಮುಳುಗ್ದಾಗ.”